ಟಿಟ್ಟಿಭ ಬರೀ ನೆಲದ ಮೇಲೆ ಮೊಟ್ಟೆ ಇಡುವುದೇಕೆ

“ಗೋಡೆಗೀಡೆ ಬ್ಯಾಡ ಕಣ್ರೀ. ಮೊಟ್ಟೆ ಕೊಟ್ಟ ದೇವರೇ ಕಾಯ್ತಾನೆ.”

ಟಿಟ್ಟಿಭ ಹಕ್ಕಿ ಚುಕ್ಕವ್ವ ಗಂಡನಿಗೆ ಆಡಿದ ಕೊನೇ ಮಾತು ಅದು. ಆಡಿದವಳೇ ಮೇಲಕ್ಕೆ ಹಾರಿದಳು. ಮೊಟ್ಟೆಗಳ ಮೇಲೆ ಎರಗಲು ಬಂದಿದ್ದ ಹದ್ದನ್ನು ಕೂಗಿ ಕೂಗಿ ತನ್ನ ಹಿಂದೆ ಎಳೆದುಕೊಂಡು ಹೋದಳು. ಹದ್ದು ತಿರುಗಿ ಬಂತು. ಚುಕ್ಕವ್ವ ಬರಲಿಲ್ಲ.

ಇದು ಭೂಮಿ ಹೊಸದಾಗಿದ್ದಾಗಿನ ಮಾತು. ಬೆಟ್ಟಗಳ ಬಿಸಿ ಇನ್ನೂ ಆರಿರಲಿಲ್ಲ. ಗಾಳಿ ಎಲ್ಲರ ಜೊತೆ ಮಾತಾಡುತ್ತಿತ್ತು. ಆಗ ಟಿಟ್ಟಿಭ ಹಕ್ಕಿಯ ಮೊಟ್ಟೆ ಮೊಸರಿನ ಹಾಗೆ ಬೆಳ್ಳಗಿತ್ತು.

ಚುಕ್ಕವ್ವನ ಗಂಡ ಟಿಟ್ಟಪ್ಪ. ಕೆರೆಯ ಬಯಲಲ್ಲಿ ಅವರದು ನಾಲ್ಕು ಮೊಟ್ಟೆ. ಬಿಸಿಲಿಗೆ ಅವು ಬೇಯಬಾರದು ಅಂತ ಅವಳು ಕೆರೆಯಲ್ಲಿ ಹೊಟ್ಟೆ ನೆನೆಸಿಕೊಂಡು ಬಂದು ಕೂರುತ್ತಿದ್ದಳು. ಈಗ ಅವನು ನೆನೆಸಿಕೊಂಡು ಬಂದ. ಕೂತ. ಪಕ್ಕದಲ್ಲಿ ಯಾರೂ ಇಲ್ಲ.

“ಇವನ್ನೂ ಕಳಕೊಳ್ಳೋಕೆ ನಾನೇನು ಕೈಲಾಗದವನಾ?” ಅಂದುಕೊಂಡ.

ಕೊಕ್ಕಿನಲ್ಲಿ ಒಂದು ಕಲ್ಲು ತಂದ. ಇನ್ನೊಂದು ತಂದ. ಮತ್ತೊಂದು ತಂದ. ಮೊಟ್ಟೆಗಳ ಸುತ್ತ ಗೋಡೆ ಎದ್ದಿತು.

ಸಂಜೆ ಗಾಳಿ ಬಂತು. “ಟಿಟ್ಟಪ್ಪಣ್ಣಾ, ದೇವರು ನನ್ನ ಕೈಲಿ ಏನೋ ಕೊಟ್ಟು ಕಳಿಸವ್ನೆ. ಒಳಗೆ ಬಿಡು.”

“ಹೋಗತ್ಲಾಗೆ! ನೀನು ಬಂದ್ರೆ ಮೊಟ್ಟೆ ತಣ್ಣಗಾಗ್ತವೆ.”

ಗಾಳಿ ಗೋಡೆಗೆ ಬಡಿದು ಹೋಯಿತು.

ಮಾರನೇ ದಿನ ಹದ್ದು ನೆಟ್ಟಗೆ ಇಳಿದು ಒಂದು ಮೊಟ್ಟೆ ಎತ್ತಿಕೊಂಡಿತು. “ಏನಯ್ಯಾ ಟಿಟ್ಟಪ್ಪಾ, ಭಾರೀ ಮನೆ ಕಟ್ಟಿಬಿಟ್ಟೆ! ಮೋಡದ ಮೇಲಿದ್ರೂ ಕಾಣ್ತದೆ. ಹುಡುಕೋ ಕಷ್ಟ ತಪ್ಪಿಸಿದೆ ನೋಡು!”

ಎತ್ತರ ಸಾಲದು ಅಂದುಕೊಂಡ ಟಿಟ್ಟಪ್ಪ. ಮತ್ತೆ ಕಲ್ಲು ತಂದ. ಕೊಕ್ಕು ಸವೆಯಿತು.

ಸಂಜೆ ಮತ್ತೆ ಗಾಳಿ. “ಅಣ್ಣಾ, ಒಳಗೆ ಬಿಡೋ.”

“ಆಗಲ್ಲ ಅಂದೆನಲ್ಲ!”

ಅದರ ಮಾರನೇ ದಿನ ಹದ್ದು ಇನ್ನೊಂದು ಮೊಟ್ಟೆ ಒಯ್ಯಿತು. ಟಿಟ್ಟಪ್ಪ ಮೇಲೆ ಬಿದ್ದು ಕುಕ್ಕಿದ. ಹದ್ದು ಒಂದು ಸಲ ರೆಕ್ಕೆ ಬೀಸಿತು, ಅಷ್ಟೇ. ಅವನು ಮಾರುದೂರ ಹೋಗಿ ಬಿದ್ದ.

ಎರಡು ಮೊಟ್ಟೆ ಉಳಿದವು.

ಅವತ್ತು ಸಂಜೆ ಕಲ್ಲು ಎತ್ತಲು ಹೋದ. ಕೊಕ್ಕು ಏಳಲಿಲ್ಲ. ಆಮೇಲೆ ಮೇಲೆ ನೋಡಿದ.

“ನನ್ನ ಕೈಲಿ ಆಗಲಿಲ್ಲಪ್ಪಾ. ಇವು ನೀನು ಕೊಟ್ಟವು. ನೀನೇ ನೋಡ್ಕೋ.”

ಬೆಳಗಾಯಿತು. ಟಿಟ್ಟಪ್ಪ ಕೆರೆಗೆ ಹೋಗಿ ಹೊಟ್ಟೆ ನೆನೆಸಿಕೊಂಡು ಬಂದ. ಮೊಟ್ಟೆಗಳ ಮೇಲೆ ಒಂದು ಗಳಿಗೆ ಕೂತು ಎದ್ದ. ಗೋಡೆಯನ್ನು ಕಾಲಿನಿಂದ ಒದ್ದ. ಕಲ್ಲೆಲ್ಲ ಬಯಲ ತುಂಬ ಚೆಲ್ಲಿಹೋದವು.

“ಬಾರಪ್ಪಾ,” ಅಂದ ಗಾಳಿಗೆ.

ಗಾಳಿ ಒಳಗೆ ಬಂತು. ಅದರ ಕೈಲಿ ಇದ್ದದ್ದು ಒಂದು ಹಿಡಿ ಮಣ್ಣು. ಕಂದು ಮಣ್ಣು, ಕಪ್ಪು ಮಣ್ಣು. ಒದ್ದೆ ಮೊಟ್ಟೆಗಳ ಮೇಲೆ ಅದನ್ನು ಉದುರಿಸಿತು. ಬಿಳೀ ಮೊಟ್ಟೆ ಮಚ್ಚೆ ಮಚ್ಚೆಯಾಯಿತು.

ಹದ್ದು ಬಂತು. ಒಂದು ಸುತ್ತು ಹಾಕಿತು. ಇನ್ನೊಂದು ಸುತ್ತು ಹಾಕಿತು. “ಎಲ್ಲೋ ನಿನ್ನ ಮನೆ? ಬರೀ ಕಲ್ಲು! ಬರೀ ಕಲ್ಲು!” ಅಂತ ಬೈದುಕೊಂಡು ಕೆರೆಯಾಚೆ ಹೋಯಿತು.

ಟಿಟ್ಟಪ್ಪ ದೂರದಲ್ಲಿ ನಿಂತಿದ್ದ. ಒಂದು ರೆಕ್ಕೆಯನ್ನೂ ಎತ್ತಲಿಲ್ಲ.

ಅದಕ್ಕೇ ಮಗಾ, ಇವತ್ತಿಗೂ ಟಿಟ್ಟಿಭ ಗೂಡು ಕಟ್ಟುವುದಿಲ್ಲ, ಬಯಲಲ್ಲಿ ಕಲ್ಲುಗಳ ನಡುವೆ ಮೊಟ್ಟೆ ಇಟ್ಟು, ಯಾರಾದರೂ ಬಂದರೆ ದೂರ ಹೋಗಿ ನಿಲ್ಲುತ್ತದೆ. ನಿನ್ನ ಕಾಲ ಬುಡದಲ್ಲೇ ಇದ್ದರೂ ಆ ಮೊಟ್ಟೆ ನಿನಗೆ ಕಾಣುವುದಿಲ್ಲ, ಅಲ್ಲಿ ಹೆಜ್ಜೆ ನೋಡಿ ಇಡು.