ಉಡ ಹಿಡಿದ ಚೆಂಡು

ಓಟದಲ್ಲಿ ಕೊನೆ, ಕಪ್ ಗೆಲ್ಲೋದರಲ್ಲಿ ಮೊದಲು, ಯಾರು ಹೇಳಿ? ತಲೆ ಕೆರೆದುಕೊಳ್ಳಬೇಡಿ, ನಿಮಗೆ ಹೊಳೆಯಲ್ಲ.

ಕಾಡಿನಲ್ಲಿ ಫುಟ್‌ಬಾಲ್ ಫೈನಲ್. ಕಾಲಲ್ಲಿ ಒದೆಯೋದಲ್ಲ, ಕೈಯಲ್ಲಿ ಎಸೆದು ಹಿಡಿಯೋ ಅಮೆರಿಕದ ಆಟ. ನಾಯಕ ಮುಸುವನಿಗೆ, ಅದೇ ಕರಿಮುಖದ ಕೋತಿಗೆ, ಉಳಿದದ್ದು ಒಂದೇ ಎಸೆತ. ಗೆರೆಯಾಚೆ ಯಾರಾದರೂ ಹಿಡಿದರೆ ಗೆಲುವು, ತಪ್ಪಿದರೆ ಕಪ್ ಎದುರು ತಂಡದ ಕರಡಿಗಳ ಪಾಲು.

"ಅಣ್ಣಾ, ನನಗೇ ಎಸಿ. ನನ್ನನ್ನು ಮುಟ್ಟೋರು ಯಾರಿದ್ದಾರೆ?" ಎಂದಿತು ಜಿಂಕೆ.

ಜಿಂಕೆಯ ಓಟ ಕಣ್ಣಿಗೆ ಹಬ್ಬ, ಮುಸುವನೂ ಒಪ್ಪುತ್ತಿದ್ದ. ಆದರೆ ಚೆಂಡು ಕೈಗೆ ಬರೋ ಹೊತ್ತಿಗೆ ಅದರ ಕಿವಿ ಕರಡಿಯ ಸಪ್ಪಳದ ಕಡೆ ತಿರುಗುತ್ತಿತ್ತು, ಚೆಂಡು ನೆಲ ಸೇರುತ್ತಿತ್ತು.

ಅವನು ತಂಡದಲ್ಲಿ ಎಲ್ಲರಿಗಿಂತ ನಿಧಾನ ಓಡೋ ಉಡದ ಕಡೆ ನೋಡಿದ. "ನಿನಗೆ ಕರಡಿ ಅಂದ್ರೆ ಹೆದರಿಕೆ ಇಲ್ವೇನೋ?"

"ಇದೆ ಅಣ್ಣಾ. ಹೆದರಿದಷ್ಟೂ ಬಿಗಿಯಾಗಿ ಹಿಡ್ಕೋತೀನಿ."

ಮುಸುವ ಉಡಕ್ಕೇ ಎಸೆದ. ಉಡ ಗೆರೆಯಾಚೆ ಚೆಂಡನ್ನು ತಬ್ಬಿದ್ದೇ ತಡ, ಕರಡಿ ಧೊಪ್ಪನೆ ಅದರ ಮೇಲೆ ಬಿತ್ತು.

ಕರಡಿ ಎದ್ದಾಗ ಚೆಂಡು ಉಡದ ತೋಳಲ್ಲೇ ಇತ್ತು. "ಭಲೇ ಉಡಪ್ಪಾ!" ಎಂದು ಮೊದಲು ಕುಣಿದದ್ದು ಜಿಂಕೆಯೇ. ಉಡ ಚೆಂಡು ಬಿಡಲೇ ಇಲ್ಲ, ಕಪ್ಪನ್ನು ಮುಸುವನೇ ಹೊರಬೇಕಾಯಿತು.

ಕರಡಿ ಎದ್ದ ಮೇಲಿನದೆಲ್ಲ ನಾನೇ ಕಟ್ಟಿದ್ದು. ಅದಿನ್ನೂ ಎದ್ದೇ ಇಲ್ಲ. ಅನುಮಾನ ಇದ್ದರೆ ಕರಡಿಯನ್ನು ಎತ್ತಿ ನೋಡಿ, ಚೆಂಡು ಉಡದ ಕೈಯಲ್ಲೇ ಇರುತ್ತೆ.