ಕೊನೆಯ ಪುಟವಿಲ್ಲದ ಕಾಮಿಕ್ಸ್

ಹಳೆಯ ಸೂಪರ್‌ಹೀರೋ ಕಾಮಿಕ್ಸ್ ಅಭಿಮಾನಿಗಳ ಕೂಟದಲ್ಲಿ ಒಂದೇ ಸಂಚಿಕೆಯ ಎರಡು ಪ್ರತಿಗಳು ಅಕ್ಕಪಕ್ಕ ಕೂತಿದ್ದವು. ಪ್ಲಾಸ್ಟಿಕ್ ಹೊದ್ದ ಪ್ರತಿ ಮೂಗು ಮುರಿಯಿತು: "ನಿನ್ನ ಕೊನೆಯ ಪುಟವೇ ಇಲ್ಲವಲ್ಲ! ನನ್ನನ್ನು ನೋಡು, ಈವರೆಗೆ ಯಾರೂ ತೆರೆದಿಲ್ಲ."

ಹರಿದ ಪ್ರತಿ ಉತ್ತರಿಸುವ ಮೊದಲೇ ಸರ್ವಮಂಗಳಾ ಎಂಬ ಅಭಿಮಾನಿ ಅದನ್ನೆತ್ತಿಕೊಂಡು ಗಟ್ಟಿಯಾಗಿ ಓದತೊಡಗಿದಳು. ನಾಯಕ ಕುಸಿಯುವ ಸೇತುವೆಗೆ ಹೆಗಲು ಕೊಟ್ಟು ನಿಂತಲ್ಲಿಗೆ ಪುಟಗಳು ಮುಗಿದವು. ಕೂಡಲೇ ನೆರೆದವರೆಲ್ಲ ಕೊನೆಯ ಪುಟದ ಮಾತನ್ನು ಬಾಯಿಪಾಠ ಒಪ್ಪಿಸಿದರು: "ಗಾಬರಿಯಾಗಬೇಡಿ, ನಿಧಾನವಾಗಿ ದಾಟಿ. ನಾನಿದ್ದೇನೆ!"

ಚಪ್ಪಾಳೆ ನಿಂತ ಮೇಲೆ ಪ್ಲಾಸ್ಟಿಕ್‌ನೊಳಗಿಂದ ಸಣ್ಣ ದನಿ ಬಂತು: "ಅಣ್ಣಾ, ಆ ಮಾತು ನನ್ನಲ್ಲೂ ಇದೆಯೇ?"

"ಇದೆ ತಮ್ಮಾ. ಯಾರಾದರೂ ತೆರೆಯಬೇಕಷ್ಟೆ."

ಪ್ಲಾಸ್ಟಿಕ್ ಹೊದ್ದ ಪ್ರತಿ ಸರ್ವಮಂಗಳಾಳ ಕಡೆಗೆ ಮೈ ಹೊರಳಿಸಿ, ತನ್ನ ಅಂಟುಪಟ್ಟಿಯನ್ನು ತಾನೇ ಸಡಿಲಿಸತೊಡಗಿತು.