ಒಬ್ಬನ ಅಳತೆಯ ಪಾತ್ರೆ

"ನಾನು ಹೋದಮೇಲೆ ಈ ಮಂಚ ನಿಮಗೊಬ್ಬರಿಗೆ ದೊಡ್ಡದಾಗುತ್ತೆ. ಚಿಕ್ಕದು ಮಾಡಿಕೊಳ್ಳಿ."

ನನ್ನ ಹೆಂಡತಿ ಚಿಕ್ಕತಾಯಮ್ಮ ನಗುತ್ತಲೇ ಹೇಳಿದಳು. ಗೋಡೆ ಕಡೆ ತಿರುಗಿ ಮಲಗಿದಳು. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ನಾನು ಮರಗೆಲಸದವನು. ಬುಗುರಿ, ಗೊಂಬೆ ಕಡೆದು ಅರಗಿನ ಬಣ್ಣ ಕೊಡುವವನು. ಅವಳ ಮಾತು ನನಗೆ ಆರ್ಡರ್ ಇದ್ದ ಹಾಗೆ.

ಮಂಚದ ಹಲಗೆಗಳು ಒಂದರೊಳಗೊಂದು ಸರಿಯುವಂತೆ ಮಾಡಿದೆ. ಎಳೆದರೆ ಇಬ್ಬರಿಗೆ. ತಳ್ಳಿದರೆ ಒಬ್ಬನಿಗೆ.

ಆಮೇಲೆ ಕೈ ನಿಲ್ಲಲಿಲ್ಲ. ಮಣೆ ಮಾಡಿದೆ, ಅದೂ ಹಾಗೇ. ಮೊರ ಮಾಡಿದೆ, ಬೀಸಣಿಗೆ ಥರ ಬಿಚ್ಚಿಕೊಳ್ಳುತ್ತೆ. ಸೌಟು ಮಾಡಿದೆ. ಎಳೆದರೆ ಮೂರು ಮೊಳ, ಮಡಚಿದರೆ ಜೇಬಿಗೆ.

ಒಂದು ವರ್ಷ ಹೀಗೇ ಹೋಯಿತು. ಮಂಚ ಬಿಟ್ಟು ಮಿಕ್ಕದ್ದೆಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಹೊಳೆ ದಂಡೆಯ ಆಶ್ರಮಕ್ಕೆ ಹೋದೆ. ಅಲ್ಲಿ ಮರುಳಪ್ಪ ಗುರುಗಳಿದ್ದರು. ಎಲ್ಲರೂ ಅವರನ್ನು ಬುದ್ಧೀ ಅನ್ನುತ್ತಿದ್ದರು.

"ಏನಪ್ಪ ಆಚಾರಿ, ಸಂತೆಗೆ ಹೊರಟೆಯಾ?"

"ನೋಡಿ ಬುದ್ಧೀ! ಇದನ್ನ ಹಿಡ್ಕೊಂಡು ಎಳೀರಿ!"

ಗುರುಗಳು ಸೌಟು ಎಳೆದರು. ಇನ್ನೂ ಎಳೆದರು. ಅವರ ಕಣ್ಣು ಅರಳಿತು. ಅಡುಗೆಯ ಹೊನ್ನಮ್ಮ ಅಷ್ಟು ದೂರದಲ್ಲಿ ಒಲೆ ಊದುತ್ತಿದ್ದಳು. ಗುರುಗಳು ಕೂತಲ್ಲಿಂದಲೇ ಅವಳ ಬೆನ್ನಿಗೆ ಮೆಲ್ಲಗೆ ತಿವಿದರು.

"ಯಾವನೋ ಅವನು!" ಹೊನ್ನಮ್ಮ ಊದುಗೊಳವೆ ಎತ್ತಿಕೊಂಡೇ ತಿರುಗಿದಳು.

ಗುರುಗಳು ಸೌಟು ಮಡಚಿ ತೊಡೆ ಕೆಳಗೆ ಇಟ್ಟುಕೊಂಡರು.

"ಇವೆಲ್ಲ ದೊಡ್ಡದೂ ಆಗುತ್ತೆ, ಚಿಕ್ಕದೂ ಆಗುತ್ತೆ ಅಲ್ಲವಾ? ನಿನಗೆ ಯಾವುದು ಬೇಕು?"

"ಚಿಕ್ಕದು ಬುದ್ಧೀ. ಮಂಚ ಚಿಕ್ಕದಾಯ್ತು, ಮಣೆ ಚಿಕ್ಕದಾಯ್ತು. ಅನ್ನ ಮಾತ್ರ ದಿನಾ ಇಬ್ಬರಿಗೇ ಆಗುತ್ತೆ. ಉಳಿದದ್ದು ನೋಡಿದರೆ ತುತ್ತು ಗಂಟಲಲ್ಲಿ ಇಳಿಯಲ್ಲ."

ಚೀಲದ ತಳದಿಂದ, ಒಂದಕ್ಕಿಂತ ಒಂದು ಚಿಕ್ಕದಾಗಿ ಬಳೆಯ ಹಾಗೆ ಬಗ್ಗಿಸಿದ ಐದು ಹಿತ್ತಾಳೆ ಪಟ್ಟಿ ತೆಗೆದೆ.

"ಇದು ಪಾತ್ರೆ. ಎಳೆದರೆ ಮೂವತ್ತು ಜನಕ್ಕೆ. ತಳ್ಳಿದರೆ ಒಬ್ಬನಿಗೆ. ಇದೊಂದು ಆಗಿಬಿಟ್ಟರೆ ನಾನು ಬದುಕಿಕೊಳ್ತೀನಿ."

"ಇಲ್ಲೇ ಇದ್ದು ಮುಗಿಸು. ಊಟವೂ ಇಲ್ಲೇ."

ಆಶ್ರಮದಲ್ಲಿ ಊಟಕ್ಕೆ ಒಂದು ರೂಢಿ. ಯಾರೂ ತಲೆ ಎಣಿಸುವುದಿಲ್ಲ. ಅಡುಗೆಮನೆ ಬಾಗಿಲಲ್ಲಿ ಅಕ್ಕಿ ಮೂಟೆ, ಪಕ್ಕದಲ್ಲಿ ಬುಟ್ಟಿ. ಉಣ್ಣುವವರು ಮೂಟೆಯಿಂದ ಒಂದು ಹಿಡಿ ತೆಗೆದು ಬುಟ್ಟಿಗೆ ಹಾಕಬೇಕು. ಗುರುಗಳೂ ಹಾಕಬೇಕು. ಬುಟ್ಟಿಯಲ್ಲಿ ಬಿದ್ದಷ್ಟೇ ಅಂದಿನ ಅನ್ನ.

ಎಂಟು ದಿನ ತಿಕ್ಕಿದೆ, ತಟ್ಟಿದೆ. ಎಂಟನೆಯ ದಿನ ಪಾತ್ರೆ ನಿಂತಿತು. ಸಂದುಗಳಿಗೆ ಕೆಂಪು ಅರಗು ತುಂಬಿದೆ. ನೀರು ಸುರಿದೆ. ಒಂದು ಹನಿ ಸೋರಲಿಲ್ಲ!

"ಹೊನ್ನಮ್ಮ, ಬೇಗ! ಇವತ್ತು ಇದರಲ್ಲೇ ಅನ್ನ!"

ಮೂವತ್ತು ಜನ ಸುತ್ತ ನಿಂತರು. ಗುರುಗಳು ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದರು.

ಅರಗು ಬಿಸಿಗೆ ಕರಗುತ್ತೆ ಅಂತ ನಲವತ್ತು ವರ್ಷದಿಂದ ಬಲ್ಲೆ. ದಿನಾ ಕರಗಿಸಿಯೇ ಹೊಟ್ಟೆ ಹೊರೆದವನು. ಆ ಖುಷಿಯಲ್ಲಿ ಅದೇ ಮರೆತಿತ್ತು.

ಅನ್ನ ಕುದಿಯಿತು. ಅರಗು ಕರಗಿತು. ಐದು ಪಟ್ಟಿಯೂ ಟಣ್ ಟಣ್ ಅಂತ ಒಂದರೊಳಗೊಂದು ಇಳಿದು ಕೂತವು. ಕೆಂಪು ಗಂಜಿ ಒಲೆ ತುಂಬ ಹರಿಯಿತು.

ಗುರುಗಳು ಚಪ್ಪಾಳೆ ತಟ್ಟಿದರು. "ಬಂತಲ್ಲೋ ಆಚಾರಿ, ಒಬ್ಬನ ಅಳತೆಗೆ!"

"ಒಲೇನ ಬುಗುರಿ ಅಂದ್ಕೊಂಡ್ರಾ ಆಚಾರ್ರೇ?" ಹೊನ್ನಮ್ಮ ಸೊಂಟದ ಮೇಲೆ ಕೈ ಇಟ್ಟಳು. "ಚೆನ್ನಾಗಿ ಬಣ್ಣ ಕೊಟ್ರಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು ಒಂದು ವರ್ಷವಾಗಿತ್ತು.

ಮತ್ತೆ ಅಡುಗೆ ಆಗಬೇಕು. ಹೊನ್ನಮ್ಮ ಹಳೆಯ ಹಂಡೆ ಇಟ್ಟಳು. ಜನ ಸಾಲಾಗಿ ಮತ್ತೆ ಅಕ್ಕಿ ಹಾಕಿದರು. ನಾನೂ ಹಾಕಲು ಹೋದೆ. ಹೊನ್ನಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಈಗಷ್ಟೇ ಒಂದು ಹಾಕಿದ್ರಿ. ಇದು ಎರಡನೇ ಹಿಡಿ."

"ಇಲ್ಲ ಕಣಮ್ಮ, ಒಂದೇ."

"ಎಂಟು ದಿನದಿಂದ ನೋಡ್ತಿದ್ದೀನಿ. ದಿನಾ ಎರಡು. ಇನ್ನೊಂದು ಯಾರಿಗೆ?"

ನೋಡಿಕೊಂಡೆ. ಬುಟ್ಟಿಯ ಅಂಚಿನಲ್ಲಿ ನಾನು ಆಗಷ್ಟೇ ಹಾಕಿದ ಅಕ್ಕಿ ಇತ್ತು. ಮುಷ್ಟಿಯಲ್ಲೂ ಅಕ್ಕಿ ಇತ್ತು.

ನಗು ನಿಂತುಹೋಯಿತು. ಹೋಗಿ ಗುರುಗಳ ಹತ್ತಿರ ಕೂತೆ.

"ತಪ್ಪು ಪಾತ್ರೆಯದಲ್ಲ ಬುದ್ಧೀ. ಕೈಯದು."

"ಕೈ ಚಿಕ್ಕದು ಮಾಡುವಂಥದ್ದು ಏನಾದರೂ ತಂದಿದ್ದೀಯಾ?"

"ಇಲ್ಲ."

"ಚೀಲದಲ್ಲಿ ಸರಿಯಾಗಿ ನೋಡು."

"ತಮಾಷೆ ಮಾಡಬೇಡಿ ಬುದ್ಧೀ. ಇಲ್ಲೂ ಎಂಟು ದಿನ ಅನ್ನ ದಂಡ ಮಾಡಿದೆನಲ್ಲ."

ಗುರುಗಳು ಕೂಗಿದರು. "ಹೊನ್ನಮ್ಮ, ಈ ಎಂಟು ದಿನದಲ್ಲಿ ಅನ್ನ ಉಳೀತಾ?"

"ಒಂದು ಅಗುಳೂ ಇಲ್ಲ ಬುದ್ಧೀ."

"ಯಾಕೆ?"

"ಯಾಕೆ ಅಂತ ನನ್ನ ಕೇಳ್ತೀರಾ? ಇವರು ಬಂದ ದಿನದಿಂದ ನೀವು ನಿಮ್ಮ ಹಿಡಿ ಹಾಕಿದ್ದೇ ಇಲ್ಲ. ಕೇಳಿದರೆ, ನನ್ನದು ಆಗಲೇ ಬಿದ್ದಿದೆ ನಡಿ ಅಂತೀರಿ."

ನಾನು ಗುರುಗಳ ಮುಖ ನೋಡಿದೆ. ಅವರು ಹೊಳೆ ನೋಡುತ್ತಿದ್ದರು.

ಊಟಕ್ಕೆ ಅವರ ಪಕ್ಕದಲ್ಲೇ ಕೂತೆ. ಅವರು ಎಲೆಯಲ್ಲಿ ಒಂದಗುಳು ಬಿಡದೆ ಉಂಡರು. ನಾನೂ ಉಂಡೆ.

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮೂಟೆಯ ಹತ್ತಿರ ಹೋದೆ. ಒಂದು ಹಿಡಿ ಬುಟ್ಟಿಗೆ ಹಾಕಿದೆ. ಮತ್ತೆ ಮೂಟೆಗೆ ಕೈ ಇಳಿಸಿದೆ. ಈ ಸಲ ನನಗೆ ಗೊತ್ತಿದ್ದೇ ಇಳಿಸಿದೆ.

ಗುರುಗಳು ಹೊಳೆಯಿಂದ ಬಂದರು. ಮೈಯಿಂದ ನೀರು ಇಳಿಯುತ್ತಿತ್ತು. ನಿಂತು ನನ್ನ ಮುಷ್ಟಿ ನೋಡಿದರು.

"ಇನ್ನೊಂಚೂರು ತುಂಬು ಆಚಾರಿ. ಆಚೆ ದಡದವರೆಗೂ ಈಜಿ ಬಂದಿದ್ದೀನಿ, ಹಸಿವು ಜೋರಾಗಿದೆ."